ತೊಂಬತ್ತನಾಲ್ಕು ಗ್ರಾಂ

ದಾಕ್ಷಾಯಿಣಿಯ ಏರು ಎಂಬತ್ತೆರಡು ಗ್ರಾಂ, ನನ್ನದು ನೂರ ನಲವತ್ತೊಂಬತ್ತು. ನಮ್ಮ ಊರಿನಲ್ಲಿ ಇಬ್ಬರು ಹೆಂಗಸರ ನಡುವಿನ ಅಂತರವನ್ನು ಹೇಳಲು ಇಷ್ಟು ಸಾಕು. ಉಳಿದದ್ದನ್ನು ಕೇಳುವವರು ತಾವೇ ಊಹಿಸಿಕೊಳ್ಳುತ್ತಾರೆ.

ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಇಲ್ಲಿ ಮನುಷ್ಯರ ಮೈ ಹಗುರಾಗುತ್ತದೆ, ಐದಕ್ಕೆ ಭಾರ ಮರಳುತ್ತದೆ. ವಸ್ತುಗಳಿಗೆ ಏನೂ ಆಗುವುದಿಲ್ಲ. ಉಟ್ಟ ಬಟ್ಟೆ ಮತ್ತು ಮೆಟ್ಟಿದ ಚಪ್ಪಲಿಯ ತೂಕವನ್ನು ಲೆಕ್ಕ ಹಿಡಿದ ಮೇಲೂ ನೆಲ ಬಿಡದಿರಲು ಒಬ್ಬರಿಗೆ ಇನ್ನೆಷ್ಟು ಗ್ರಾಂ ಬೇಕೋ ಅದು ಅವರ ಏರು. ಹದಿನೆಂಟು ತುಂಬಿದ ದಿನ ತೂಕದ ಕಚೇರಿಯಲ್ಲಿ ಅದನ್ನು ಅಳೆದು ಚೀಟಿ ಕೊಡುತ್ತಾರೆ. ಆಮೇಲೆ ಯಾರೂ ಮತ್ತೆ ಅಳೆಯುವುದಿಲ್ಲ. ಪೇಟೆ ಬೀದಿಗಳ ಮೇಲೆ ಬಲೆ ಕಟ್ಟಿದೆ. ಮೂರರ ನಂತರ ಯಾರೂ ನೆಗೆಯುವುದಿಲ್ಲ. ಊರಿಗೆ ಊರೇ ಪಾದ ಎಳೆದುಕೊಂಡು ನಡೆಯುತ್ತದೆ. ಏರು ಕಡಿಮೆ ಇದ್ದಷ್ಟೂ ಮರ್ಯಾದೆ ಹೆಚ್ಚು. ಮದುವೆಯ ಮಾತುಕತೆಯಲ್ಲಿ ಕೇಳುವ ಎರಡನೆಯ ಪ್ರಶ್ನೆ ಅದು, ಕೆಲಸದ ಅರ್ಜಿಯಲ್ಲಿ ಹೆಸರಿನ ಕೆಳಗಿನ ಸಾಲೂ ಅದೇ.

ಬೇಕಾದ ಭಾರವನ್ನು ಎಡ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ರೂಢಿ. ಕೆಲವರಿಗೆ ಸೀಸದ ಕಡಗ, ಉಳಿದವರಿಗೆ ಕೈಗಡಿಯಾರ. ಹೀಗಾಗಿ ಬೇರೆ ಊರುಗಳಲ್ಲಿ ಈಜುವವರೂ ಓಡುವವರೂ ಕಟ್ಟುವ ದೊಡ್ಡ ಕ್ರೀಡಾ ಗಡಿಯಾರಗಳು ನಮ್ಮಲ್ಲಿ ಗುಮಾಸ್ತರ ಕೈಯಲ್ಲಿರುತ್ತವೆ. ನನ್ನದು ಉಕ್ಕಿನದು; ಪಟ್ಟಿಯೂ ಸೇರಿ ನೂರ ಐವತ್ತೈದು ಗ್ರಾಂ. ನನ್ನ ಏರಿಗಿಂತ ಆರು ಗ್ರಾಂ ಹೆಚ್ಚು. ಆ ಆರು ಗ್ರಾಂ ಮೇಲೆ ನಾನು ಮೂರು ವರ್ಷ ನಡೆದಿದ್ದೇನೆ.

ನಾನು ಮತ್ತು ದಾಕ್ಷಾಯಿಣಿ ತೂಕದ ಕಚೇರಿಗೆ ಒಂದೇ ದಿನ ಸೇರಿದವರು. ಪದಾರ್ಥವಿಜ್ಞಾನದಲ್ಲಿ ನನಗೆ ಮೊದಲ ಸ್ಥಾನ ಬಂದಿತ್ತು. ಅವಳಿಗೆ ಏನು ಬಂದಿತ್ತೆಂದು ಅವಳಿಗೇ ನೆನಪಿರಲಿಲ್ಲ. ಊರಿನಲ್ಲಿ ಮಾರಾಟಕ್ಕೆ ಬರುವ ಪ್ರತಿ ಹೊಸ ಗಡಿಯಾರವನ್ನು ಕಚೇರಿಯ ಒಬ್ಬರು ನಲವತ್ತು ದಿನ ಕಟ್ಟಬೇಕು, ಕೊನೆಯಲ್ಲಿ ಅದು ದಿನನಿತ್ಯದ ಬಳಕೆಗೆ ಸೂಕ್ತವೇ ಅಲ್ಲವೇ ಎಂದು ವರದಿ ಆಗಬೇಕು. ಈ ಕೆಲಸ ನನ್ನದಾಗಿತ್ತು. ಹನ್ನೊಂದು ಗಡಿಯಾರಗಳನ್ನು ಕಟ್ಟಿ, ಹನ್ನೊಂದು ವರದಿ ಬರೆದಿದ್ದೆ. ಒಂದರಲ್ಲೂ ತಿದ್ದುಪಡಿ ಬಂದಿರಲಿಲ್ಲ.

ಹನ್ನೆರಡನೆಯದನ್ನು ತಂದವರು ಪೇಟೆಯ ಗಡಿಯಾರದ ಅಂಗಡಿಯ ಮುನೀರ್ ಸಾಹೇಬರು. ಪೆಟ್ಟಿಗೆ ತೆರೆದು ಅದನ್ನು ನನ್ನ ಅಂಗೈಮೇಲೆ ಇಟ್ಟರು. ಬೂದಿ ಬಣ್ಣದ ಲೋಹ, ತಿರುಗುವ ಅಂಚು, ಇನ್ನೂರು ಮೀಟರ್ ನೀರಿನಾಳ ತಾಳುವ ಕವಚ. ಗಾತ್ರ ನೋಡಿ ಕೈ ತನ್ನಷ್ಟಕ್ಕೆ ಬಿಗಿಯಾಗಿ ಸಿದ್ಧವಾಗಿತ್ತು; ಬಂದದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು ಭಾರ ಮಾತ್ರ.

“ಟೈಟಾನಿಯಂ ಅಮ್ಮ,” ಎಂದರು ಸಾಹೇಬರು. “ಕೈಯಲ್ಲಿದ್ರೂ ಇಲ್ದಂಗೆ. ಉಪ್ಪುನೀರು, ಬೆವರು ಏನೂ ತಿನ್ನಲ್ಲ ಇದನ್ನ. ಸ್ಟೀಲ್ ಕಟ್ಟಿ ಕಟ್ಟಿ ಮೈ ಕೆಂಪಾಗೋರು ಎಷ್ಟು ಜನ ಬರ್ತಾರೆ ನಮ್ಮ ಅಂಗಡಿಗೆ, ಅವ್ರಿಗೂ ಆಗತ್ತೆ.”

ತಕ್ಕಡಿಯಲ್ಲಿ ಇಟ್ಟೆ. ತೊಂಬತ್ತನಾಲ್ಕು ಗ್ರಾಂ.

ಮೇಲಧಿಕಾರಿ ಈಶ್ವರಯ್ಯನವರು ಕನ್ನಡಕ ಮೇಲೇರಿಸಿ ನೋಡಿದರು. ತಮ್ಮ ಏರು ಅರವತ್ತೆಂದು ಹೇಳಿಕೊಳ್ಳುವ, ಮೆಲ್ಲನೆ ನಡೆಯುವ, ಯಾರನ್ನೂ ಗದರದ ಮನುಷ್ಯ ಅವರು. “ನಿಂಗೆ ಇದು ಸಾಲಲ್ವಲ್ಲ ವಾರಿಜಾ,” ಎಂದರು. “ತೊಂಬತ್ತನಾಲ್ಕಕ್ಕಿಂತ ಕಮ್ಮಿ ಇರೋರು ಕಟ್ಟಬೇಕು. ದಾಕ್ಷಿ ಕಟ್ಲಿ. ವರದಿ ನೀನೇ ಬರಿ.”

ದಾಕ್ಷಾಯಿಣಿ ತಕ್ಕಡಿಯ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಹಳೆಯ ಉಕ್ಕಿನ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎಡಗೈ ಚಾಚಿದಳು. ಕೊಂಡಿ ಹಾಕಿದ್ದು ನಾನೇ. ನಲವತ್ತು ದಿನ ಕಟ್ಟಿದವರಿಗೇ ಆ ಗಡಿಯಾರ ಉಳಿಯುತ್ತದೆ ಎಂಬುದು ಕಚೇರಿಯ ನಿಯಮ. ಹಿಂದಿನ ಹನ್ನೊಂದರಲ್ಲಿ ಹತ್ತನ್ನು ನಾನು ಕಪಾಟಿನಲ್ಲಿ ಇಟ್ಟಿದ್ದೇನೆ, ಒಂದು ಕೈಯಲ್ಲಿದೆ. ಒಂದಕ್ಕೂ ನಾನು ಇಷ್ಟು ಆಸೆಪಟ್ಟಿರಲಿಲ್ಲ.

ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಆಗ ಬಳಸಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ‘ಅವಲೋಕನ’ ಎಂಬ ಶೀರ್ಷಿಕೆ ಕೊಟ್ಟಿದ್ದೆ. ನಾಲ್ಕನೆಯ ದಿನ: ಕೊಂಡಿಯ ಮೇಲೆ ಮೇಜಿನಂಚು ತಗಲಿ ಒಂದು ಗೀರು, ಉದ್ದ ಆರು ಮಿಲಿಮೀಟರ್. ಒಂಬತ್ತನೆಯ ದಿನ: ಕವಚದ ಎಡಬದಿಯಲ್ಲಿ ಮಸುಕು. ಉಕ್ಕಿನ ಹೊಳಪು ಇದಕ್ಕೆ ಇಲ್ಲ. ಗೀರು ಬಿದ್ದರೆ ಉಕ್ಕಿನಂತೆ ಸುಲಭವಾಗಿ ಉಜ್ಜಿ ತೆಗೆಯಲೂ ಬರುವುದಿಲ್ಲ. ಹದಿಮೂರನೆಯ ದಿನ: ನೋಡಿದವರಲ್ಲಿ ಇಬ್ಬರು ಇದು ಪ್ಲಾಸ್ಟಿಕ್ಕೇ ಎಂದು ಕೇಳಿದರು. ಬರೆದದ್ದೆಲ್ಲ ನಿಜ. ಹಳೆಯ ಗೀರುಗಳ ಮೇಲೆ ಲೋಹವೇ ಒಂದು ತೆಳುಪೊರೆ ಕಟ್ಟಿಕೊಂಡು ಅವು ದಿನೇ ದಿನೇ ಮಂಕಾಗಿ ಒಂದರಲ್ಲೊಂದು ಬೆರೆಯುತ್ತಿದ್ದವು. ಅವಳ ಚರ್ಮದ ಮೇಲೆ ಒಂದು ಗುರುತೂ ಬೀಳುತ್ತಿರಲಿಲ್ಲ. ಬೆಳಗಿನ ಚಳಿಯಲ್ಲಿ ನನ್ನ ಉಕ್ಕು ಕೈ ಕೊರೆಯುವಾಗ ಅವಳದು ಕೂಡಲೇ ಮೈಬಿಸಿಗೆ ಹೊಂದುತ್ತಿತ್ತು. ಇವೂ ನಿಜವೇ. ಇವನ್ನು ನಾನು ಬರೆದಿರಲಿಲ್ಲ.

ಊರು ನೋಡಿದ್ದು ಲೋಹವನ್ನಲ್ಲ, ಹಗುರವನ್ನು. ಇಷ್ಟು ಹಗುರಾದದ್ದನ್ನು ಕಟ್ಟಿಕೊಂಡು ಮೂರು ಗಂಟೆಗೆ ಬೀದಿಯಲ್ಲಿ ನಡೆಯುವುದೆಂದರೆ, ನನಗೆ ಇದರ ಅಗತ್ಯವೇ ಇಲ್ಲ ಎಂದು ಮಣಿಕಟ್ಟಿನ ಮೇಲೆ ಬರೆದುಕೊಂಡಂತೆ. ಕಾಫಿ ಕೊಡಲು ಬರುವ ಪುಟ್ಟತಾಯಮ್ಮ ಕೂಡ ಅವಳ ಕೈ ಹಿಡಿದು ತಿರುಗಿಸಿ ನೋಡಿ, “ಎಂಥ ಅದೃಷ್ಟವಂತೆ ಕಣವ್ವ,” ಅಂದಳು. ದಾಕ್ಷಾಯಿಣಿ ನಗುತ್ತಿದ್ದಳು. ಅವಳು ಅಂಗಿಯ ತೋಳು ಮಡಿಸಿಕೊಂಡಿದ್ದು ಸೆಖೆಗೇ ಇರಬಹುದು. ಎರಡು ಮಡಿಕೆ ಸಾಕಿತ್ತು, ಅವಳು ಮೂರು ಮಡಿಸಿದ್ದಳು.

ಆದರೆ ಅವಲೋಕನ ಎಂದು ಹೆಸರಿಟ್ಟ ಮೇಲೆ ಕಣ್ಣು ಎಲ್ಲವನ್ನೂ ನೋಡುತ್ತದೆ. ಮೊದಲ ಎರಡು ದಿನ ಮೂರರಿಂದ ಐದರವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕಾಲುಗಳನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡಿದ್ದಳು. ಮೂರನೆಯ ದಿನ ಹೊಸ ಚಪ್ಪಲಿ ಬಂತು. ಅಂದಿನಿಂದ ಎಲ್ಲರಂತೆ ಓಡಾಡಿದಳು. ಬೆಳಗಿನ ಹೊತ್ತು ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮ್ಮ ನಿಯಮ, ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು ನನ್ನ ಅಭ್ಯಾಸ. ಮೂವತ್ತೊಂದನೆಯ ದಿನ ಅವಳ ಎಡ ಚಪ್ಪಲಿಯನ್ನು ಎತ್ತಿದಾಗ ಬೆರಳಿಗೆ ಅನುಮಾನ ಬಂತು. ಅದೇ ಅಂಗಡಿಯ ಅದೇ ಅಳತೆಯ ಜೋಡಿ ನನ್ನಲ್ಲೂ ಇತ್ತು. ಎರಡನ್ನೂ ತೂಗಿದೆ. ಅವಳದು ಐವತ್ತೆರಡು ಗ್ರಾಂ ಹೆಚ್ಚು. ಅಟ್ಟೆಯ ಹೊಲಿಗೆಯನ್ನು ಯಾರೋ ಬಿಚ್ಚಿ ಮತ್ತೆ ಹಾಕಿದ್ದರು.

ಎಂಬತ್ತೆರಡರವಳಿಗೆ ತೊಂಬತ್ತನಾಲ್ಕು ಸಾಲದೇ? ಸಾಲದೆ ಇದ್ದರೆ ಅವಳು ಎಂಬತ್ತೆರಡರವಳಲ್ಲ. ಅಂದು ಮಧ್ಯಾಹ್ನದ ಊಟ ನನಗೆ ಎಷ್ಟು ರುಚಿಸಿತೆಂದರೆ ಮೊಸರನ್ನಕ್ಕೆ ಎರಡನೆಯ ಸಲ ಉಪ್ಪಿನಕಾಯಿ ಹಾಕಿಸಿಕೊಂಡೆ.

ನಲವತ್ತನೆಯ ದಿನ ಕೊನೆಯ ಪರೀಕ್ಷೆ ನಡೆಯುತ್ತದೆ. ಕಚೇರಿಯ ಅಂಗಳದ ಮೇಲಿನ ಬಲೆಯನ್ನು ಸುತ್ತಿ ತೆಗೆಯುತ್ತಾರೆ. ಕಟ್ಟಿದವರು ಕಚೇರಿ ಕೊಟ್ಟ ಬಟ್ಟೆ, ಕಚೇರಿ ಕೊಟ್ಟ ಚಪ್ಪಲಿ, ಆ ಗಡಿಯಾರ ಇಷ್ಟರಲ್ಲೇ ಮೂರೂವರೆಯಿಂದ ಮೂರೂಮುಕ್ಕಾಲರವರೆಗೆ ತೆರೆದ ಆಕಾಶದ ಕೆಳಗೆ ನಿಲ್ಲಬೇಕು. ಹಗ್ಗ ಕಟ್ಟುವುದಿಲ್ಲ, ಏಕೆಂದರೆ ಹಗ್ಗದ ತೂಕ ಫಲಿತಾಂಶವನ್ನು ಕೆಡಿಸುತ್ತದೆ. ಈ ಅಂಶವನ್ನು ನನಗಿಂತ ಹಿಂದಿನವರು ಸೇರಿಸಿದ್ದರು, ನಾನು ಅದನ್ನು ಮೆಚ್ಚಿಕೊಂಡಿದ್ದೆ. ಹನ್ನೊಂದು ಸಲ ನಾನು ಹಗ್ಗವಿಲ್ಲದೆ ನಿಂತಿದ್ದೆ.

ಪರೀಕ್ಷೆಯ ಕ್ರಮವನ್ನು ಬರೆದು ಫಲಕಕ್ಕೆ ಅಂಟಿಸುವುದು ನನ್ನ ಕೆಲಸ. ಮೂವತ್ತೆಂಟನೆಯ ದಿನ, ಎಂದಿನ ಸಾಲುಗಳ ಕೆಳಗೆ ಒಂದು ಸಾಲು ಹೊಸದಾಗಿ ಸೇರಿಸಿದೆ: ‘ನಿಲ್ಲುವ ಮುನ್ನ ಅಧಿಕಾರಿಯ ಸಮಕ್ಷಮ ಬಾಯಿ ಮುಕ್ಕಳಿಸತಕ್ಕದ್ದು.’ ದವಡೆಯಲ್ಲಿ ಸೀಸದ ಗುಂಡು ಇಟ್ಟುಕೊಂಡು ಏರು ಕಡಿಮೆ ತೋರಿಸುವವರಿದ್ದಾರೆಂದು ಕಾಲೇಜಿನಲ್ಲಿ ಪಿಸುಮಾತು ಕೇಳಿದ್ದೆ. ಅದನ್ನು ಗಾಳಿಮಾತೆಂದು ಬಿಟ್ಟಿದ್ದೆ. ಈಗ ನನಗೆ ಅದು ಉಪಯುಕ್ತವಾಗಿತ್ತು.

ಮಾರನೆಯ ದಿನ ದಾಕ್ಷಾಯಿಣಿ ಪ್ರಯೋಗಾಲಯಕ್ಕೆ ಬಂದು ಬಾಗಿಲು ಮುಂದೆ ಮಾಡಿದಳು.

“ಆ ಸಾಲು ತೆಗ್ದುಬಿಡೇ.”

“ಯಾವ ಸಾಲು?” ಎಂದೆ.

“ಸುಮ್ನಿರು. ನನ್ನ ಚಪ್ಲಿ ಎತ್ತಿ ತೂಗಿದೀಯ. ತಕ್ಕಡಿ ಮೇಲೆ ಮಣ್ಣಿತ್ತು, ನೀನು ಒರೆಸೋದು ಮರ್ತಿದ್ದೆ. ನೀನು ಮರೆಯೋಳಲ್ಲ, ಅಷ್ಟು ಖುಷಿಯಾಗಿತ್ತು ಅಂತ ಅರ್ಥ.”

ಅವಳು ನನ್ನ ಮೇಜಿನ ತುದಿಯಲ್ಲಿ ಕುಳಿತಳು. ಅಲ್ಲಿ ಕೂರಬಾರದೆಂದು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ.

“ನೂರ ಮೂವತ್ತೊಂದು,” ಎಂದಳು. “ನನ್ನ ನಿಜವಾದ್ದು. ಹದಿನೆಂಟಕ್ಕೆ ನಮ್ಮಮ್ಮ ಗುಂಡು ಕೊಟ್ಲು, ಎರಡು ದವಡೆಗೂ. ನಲವತ್ತೊಂಬತ್ತು ಗ್ರಾಂ. ಅಧಿಕಾರಿ ಹೆಸರು ಕೇಳಿದಾಗ ನಾನು ತಲೆ ಆಡಿಸ್ದೆ, ನಾಚಿಕೆ ಹುಡುಗಿ ಅಂದ್ಕೊಂಡ್ರು.”

“ಅದು ಅಪರಾಧ.”

“ಹೌದು. ಊರೆಲ್ಲ ಮಾಡಿರೋ ಅಪರಾಧ. ನಿಂಗೆ ನಿಮ್ಮನೇಲಿ ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಹೇಳಿದರೆ ನಾನು ಕಚೇರಿಗೆ ಪತ್ರ ಬರೆಯುತ್ತೇನೆಂದು ಬಹುಶಃ ಹೆದರಿದ್ದರು.

“ನೂರ ನಲವತ್ತೊಂಬತ್ತು ಅಂತ ಯಾರಾದ್ರೂ ಚೀಟೀಲಿ ಬರೆಸ್ಕೋತಾರೇನೇ?” ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದು ನಿಜವಾದ ಅಚ್ಚರಿ. “ಇಡೀ ಊರಲ್ಲಿ ಇದ್ದದ್ದು ಇದ್ದ ಹಾಗೆ ಇರೋಳು ನೀನೊಬ್ಳೇ ಅಂತ ನಂಗೆ ಮೊದ್ಲಿಂದ ಅನ್ಸಿತ್ತು. ಸ್ವಲ್ಪ ಹೊಟ್ಟೆ ಉರೀತಿತ್ತು ಕೂಡ.”

ನನ್ನ ಬಗ್ಗೆ ಒಬ್ಬರಿಗೆ ಹೊಟ್ಟೆ ಉರಿಯುತ್ತದೆಂಬುದು ನನಗೆ ಹೊಸ ಮಾಹಿತಿ. ಆದರೆ ಅದು ತಡವಾಗಿ ಬಂದಿತ್ತು, ಮತ್ತು ಅವಳು ಅದನ್ನು ಕೈಯಲ್ಲಿ ಆ ಗಡಿಯಾರ ಇಟ್ಟುಕೊಂಡು ಹೇಳುತ್ತಿದ್ದಳು.

“ಕಟ್ಟಲ್ಲ ಅಂತ ಮೊದಲೇ ಹೇಳಬಹುದಿತ್ತು,” ಎಂದೆ.

“ಯಾಕೆ ಅಂತ ಕೇಳಿದ್ರೆ? ಸುಳ್ಳು ಚೀಟಿ ಕೊಟ್ಟು ಕೆಲಸಕ್ಕೆ ಸೇರಿದೋಳು ಅಂತ ಅವತ್ತೇ ಮನೆಗೆ ಕಳಿಸ್ತಿದ್ರು. ನಮ್ಮನೇಲಿ ಈ ಕೆಲಸ ಬಿಟ್ರೆ ಇನ್ನೊಂದಿಲ್ಲ.” ಗಡಿಯಾರದ ಅಂಚನ್ನು ಹೆಬ್ಬೆರಳಲ್ಲಿ ತಿರುಗಿಸಿದಳು. “ಮತ್ತೆ ಇದು ಚೆನ್ನಾಗೂ ಇದೆ. ಕಟ್ಟಿದೀನಿ ಅನ್ನೋದೇ ಮರ್ತು ಹೋಗತ್ತೆ. ಮುಕ್ಕಳಿಸೋ ಸಾಲು ಒಂದು ತೆಗಿ ವಾರಿಜಾ. ಕಾಲು ಗಂಟೆ. ದವಡೇಲಿ ಇಟ್ಕೊಂಡು ನಿಂತ್ಬಿಡ್ತೀನಿ.”

“ಅಂಟಿಸಿ ಆಗಿದೆ,” ಎಂದೆ.

ಅವಳು ಮೇಜಿನಿಂದ ಇಳಿದಳು. “ಸರಿ. ನೀನು ತೆಗೀತೀಯ. ನಂಗೊತ್ತು,” ಅಂದು ಹೋದಳು. ನಾನು ತೆಗೆಯಲಿಲ್ಲ. ಅಂದು ಸಂಜೆ ಫಲಕದ ಮುಂದೆ ನಿಂತು ಹಾಳೆಯ ನಾಲ್ಕು ಮೂಲೆಗಳೂ ಸರಿಯಾಗಿ ಅಂಟಿವೆಯೇ ಎಂದು ನೋಡಿದೆ. ಒಂದು ಮೂಲೆ ಎದ್ದಿತ್ತು, ಒತ್ತಿದೆ.

ನಲವತ್ತನೆಯ ದಿನ ಅಂಗಳದಲ್ಲಿ ನಾವು ನಾಲ್ವರು ಇದ್ದೆವು: ಈಶ್ವರಯ್ಯನವರು, ಮುನೀರ್ ಸಾಹೇಬರು, ದಾಕ್ಷಾಯಿಣಿ, ನಾನು. ಬಲೆ ಸುತ್ತಿಯಾಗಿತ್ತು. ಮೋಡವಿಲ್ಲದ ಆಕಾಶ, ಮೇಲಕ್ಕೆ ಹೋದವರನ್ನು ಹಿಡಿಯಲು ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಐದಕ್ಕೆ ಭಾರ ಮರಳುವಾಗ ಯಾರು ಎಷ್ಟು ಎತ್ತರದಲ್ಲಿದ್ದಾರೆಂಬುದು ಮುಖ್ಯವಾಗುತ್ತದೆ. ಅದನ್ನು ನಾನು ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದೆ, ಹಾಕಿ ಆ ಹಾಳೆಯನ್ನು ಮಡಿಸಿ ಇಟ್ಟಿದ್ದೆ.

ಈಶ್ವರಯ್ಯನವರು ನೀರಿನ ಲೋಟ ಚಾಚಿದರು. “ಇದೇನೋ ಹೊಸ ನಿಯಮ ಹಾಕಿದಾಳೆ ನಮ್ಮ ವಾರಿಜಾ. ಮುಕ್ಕಳಿಸಮ್ಮ.” ಅವರ ಕಣ್ಣು ಒಮ್ಮೆ ನನ್ನ ಕಡೆ ಬಂದು ಹೋಯಿತು. ದಾಕ್ಷಾಯಿಣಿ ಲೋಟ ತೆಗೆದುಕೊಂಡಳು, ಗೋಡೆಯ ಕಡೆ ತಿರುಗಿ ಮುಕ್ಕಳಿಸಿ ಉಗುಳಿದಳು. ಕಲ್ಲುಹಾಸಿನ ಮೇಲೆ ಏನೂ ಠಣ್ಣೆನ್ನಲಿಲ್ಲ. ಅವಳು ಬಾಯಲ್ಲಿ ಏನನ್ನೂ ಇಟ್ಟುಕೊಂಡು ಬಂದಿರಲಿಲ್ಲ. ಲೋಟ ಹಿಂದಿರುಗಿಸಿ, ಅಂಗಳದ ನಡುವಿನ ಗುರುತಿನ ಮೇಲೆ ಹೋಗಿ, ಅಲ್ಲಿನ ಬಲೆಯ ಕಂಬ ಹಿಡಿದುಕೊಂಡು ತನ್ನ ಚಪ್ಪಲಿ ಬಿಟ್ಟು ಕಚೇರಿಯ ಚಪ್ಪಲಿ ಮೆಟ್ಟಿ ನಿಂತಳು. ನನ್ನನ್ನು ನೋಡಿದಳು. ಬೇಡುವ ನೋಟವಲ್ಲ ಅದು. ಕೊನೆಯ ಗಳಿಗೆಯಲ್ಲಿ ನಾನು ನಿಲ್ಲಿಸುತ್ತೇನೆಂದು ಖಚಿತವಾಗಿ ನಂಬಿದ ನೋಟ.

“ಮೂರೂವರೆ,” ಎಂದೆ. ಅವಳು ಕಂಬ ಬಿಟ್ಟಳು.

ಮೂವತ್ತೇಳು ಗ್ರಾಂ ಕೊರತೆ ಒಬ್ಬರನ್ನು ಎಳೆದೊಯ್ಯುವುದಿಲ್ಲ, ಯೋಚಿಸುತ್ತಾ ಎತ್ತುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ಅವಳ ಪಾದ ಒಂದು ಮೊಳವೂ ಏರಿರಲಿಲ್ಲ. ಇನ್ನೂ ಕೈಗೆ ಸಿಗುತ್ತಾಳೆ, ಎಂದು ನನ್ನ ತಲೆಯೊಳಗಿನ ಲೆಕ್ಕ ಹೇಳಿತು. ಹನ್ನೆರಡು. ಮುನೀರ್ ಸಾಹೇಬರು “ಅರೇ” ಎಂದರು. ಹದಿನಾಲ್ಕು. ಆ ಬೂದಿ ಬಣ್ಣದ ಗಡಿಯಾರ ಬಿಸಿಲಲ್ಲಿ ಹೊಳೆಯದೆ ನನ್ನ ಕಣ್ಣಿನ ಮಟ್ಟ ದಾಟುತ್ತಿತ್ತು. ಈ ಕ್ಷಣದಲ್ಲೂ ಅದು ಅವಳ ಕೈಗೆ ಒಪ್ಪುತ್ತದೆ ಎಂದು ನನಗೆ ಕಂಡಿತು, ಕಂಡದ್ದಕ್ಕೆ ಇನ್ನೊಂದು ಸೆಕೆಂಡ್ ತಡಮಾಡಿದೆ. ಹದಿನಾರು. ಅವಳು ಸೊಂಟ ಬಗ್ಗಿಸಿ ಎಡಗೈಯನ್ನು ಕೆಳಕ್ಕೆ ಚಾಚಿದಳು. ಕೂಗಲಿಲ್ಲ. “ವಾರಿಜಾ,” ಎಂದಳು, ಪಕ್ಕದ ಮೇಜಿನಿಂದ ಪೆನ್ಸಿಲ್ ಕೇಳುವ ದನಿಯಲ್ಲಿ.

ನಾನು ಅವಳ ಮಣಿಕಟ್ಟು ಹಿಡಿದೆ, ಗಡಿಯಾರದ ಮೇಲೆಯೇ. ಲೋಹ ಅವಳಷ್ಟೇ ಬೆಚ್ಚಗಿತ್ತು. ನನ್ನ ಆರು ಗ್ರಾಂ ಅವಳ ಮೂವತ್ತೇಳರಲ್ಲಿ ಕಳೆಯಿತು. ಉಳಿದ ಮೂವತ್ತೊಂದು ಇಬ್ಬರನ್ನೂ ಎತ್ತಿಕೊಂಡಿತು. ನನ್ನ ಹಿಮ್ಮಡಿ ನೆಲ ಬಿಟ್ಟಿತು, ಆಮೇಲೆ ಬೆರಳು. ಕೈ ಬಿಟ್ಟರೆ ನಾನು ಕೆಳಗಿಳಿಯುತ್ತೇನೆಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಬಿಡು,” ಎಂದಳು.

“ಸುಮ್ನಿರೇ,” ಎಂದೆ. ನಾನು ಯಾರಿಗೂ ‘ಏ’ ಹಚ್ಚಿ ಮಾತಾಡಿದವಳಲ್ಲ.

ಆಗ ನನ್ನ ಪಾದವನ್ನು ಯಾರೋ ಭದ್ರವಾಗಿ ಹಿಡಿದರು. ಈಶ್ವರಯ್ಯನವರು. ಅರವತ್ತು ಗ್ರಾಂ ಏರಿನ, ತೆಳ್ಳನೆಯ ಗಡಿಯಾರದ ಆ ಮನುಷ್ಯ ನಮ್ಮಿಬ್ಬರನ್ನು ಹಿಡಿದೂ ನೆಲದಲ್ಲಿ ನೆಟ್ಟ ಕಂಬದಂತೆ ನಿಂತಿದ್ದರು.

“ನಿಮಗೆ ಇದು ಹೇಗೆ ಸಾಧ್ಯ?” ಎಂದು ನಾನು ಮೇಲಿನಿಂದ ಕೇಳಿದೆ. ಆ ಸ್ಥಿತಿಯಲ್ಲೂ ನನಗೆ ಅದು ತಿಳಿಯಬೇಕಿತ್ತು.

“ಮೆಟ್ಟಲ್ಲಿ ಅರ್ಧ ಕಿಲೋ ಇದೆ ಕಣಮ್ಮ,” ಎಂದರು ಅವರು, ಉಸಿರು ಬಿಡುತ್ತಾ. “ನನ್ನದು ಇನ್ನೂರ ಹತ್ತು. ಮೂವತ್ತು ವರ್ಷದಿಂದ ಮೆಲ್ಲಗೆ ನಡೀತೀನಿ, ಜನ ಗಾಂಭೀರ್ಯ ಅಂತಾರೆ. ಸಾಹೇಬ್ರೇ, ನೋಡ್ತಾ ನಿಂತ್ರಲ್ಲ, ಬನ್ನಿ.”

ಮುನೀರ್ ಸಾಹೇಬರು ಬಂದು ಮಂಡಿಯೂರಿ ಅವರ ಸೊಂಟ ಹಿಡಿದರು. ಅವರ ಜುಬ್ಬಾದ ಜೇಬಿನಲ್ಲಿ ಏನೋ ಭಾರವಾಗಿ ಕಲ್ಲಿಗೆ ತಗಲಿದ ಸದ್ದಾಯಿತು. ಅವರಿಬ್ಬರೂ ನಮ್ಮನ್ನು ಒಂದೊಂದೇ ಗೇಣು ಕೆಳಗೆ ಎಳೆದ ಮೇಲೆ ನಾಲ್ವರೂ ಅಂಗಳದ ಕಲ್ಲಿನ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಳಿತೆವು. ಭಾರ ಮರಳಲು ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಇತ್ತು. ಯಾರೂ ಎದ್ದು ಬಲೆ ಬಿಡಿಸಲು ಹೋಗಲಿಲ್ಲ. ಸಾಹೇಬರು ತಮ್ಮ ಅಂಗಡಿಗೆ ಬಂದು ಹಗುರ ಗಡಿಯಾರ ಕೇಳುವವರೆಲ್ಲ ಸೊಂಟಕ್ಕೆ ಏನೇನು ಕಟ್ಟಿಕೊಂಡು ಬರುತ್ತಾರೆಂದು ಹೇಳಿದರು. ದಾಕ್ಷಾಯಿಣಿ ನಕ್ಕು ನಕ್ಕು ಬಿಕ್ಕಳಿಸಿದಳು. ಅವಳ ಬಿಕ್ಕಳಿಕೆ ನನ್ನ ತೋಳಿನವರೆಗೆ ಬರುತ್ತಿತ್ತು. ಆ ಸಾಲು ಯಾಕೆ ಬರೆದೆಯೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು. ಕೇಳದೆ ಹೋದದ್ದರಿಂದ ಅದು ಇನ್ನೂ ನನ್ನಲ್ಲೇ ಇದೆ.

“ವರದಿ ಬರೀಬೇಕಲ್ಲಮ್ಮ,” ಎಂದರು ಐದರ ನಂತರ ಈಶ್ವರಯ್ಯನವರು. “ಏನು ಬರೀತೀಯ?”

ಅವರು ದಾಕ್ಷಾಯಿಣಿಯ ಕೆಲಸದ ಬಗ್ಗೆ ಕೇಳುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬರೆದೆ. ಗೀರುಗಳನ್ನು ಬರೆದೆ, ಅವು ಮಂಕಾಗಿ ಬೆರೆಯುವುದನ್ನೂ ಬರೆದೆ. ಹೊಳಪಿಲ್ಲ ಎಂದೂ, ಚರ್ಮಕ್ಕೆ ತೊಂದರೆಯಿಲ್ಲ ಎಂದೂ, ಚಳಿಯಲ್ಲಿ ಕೈ ಕೊರೆಯುವುದಿಲ್ಲ ಎಂದೂ, ಬೆವರಿಗೂ ಉಪ್ಪುನೀರಿಗೂ ಅಂಜುವುದಿಲ್ಲ ಎಂದೂ ಬರೆದೆ. ಕೊನೆಯ ಪರೀಕ್ಷೆ ಎಂಬ ಕಡೆ, ‘ಐದು ಗಂಟೆಗೆ ಧರಿಸಿದವರು ನೆಲದ ಮೇಲಿದ್ದರು’ ಎಂದು ಬರೆದೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ನಾನು ಬರೆದ ಮೊದಲ ಅಪ್ರಾಮಾಣಿಕ ವಾಕ್ಯ ಅದೇ. ಆಮೇಲೆ ತೀರ್ಪು: ದಿನನಿತ್ಯದ ಬಳಕೆಗೆ ಸೂಕ್ತ. ಆದರೆ ಈ ಲೋಹವನ್ನು ನಂಬಿ ಸುಳ್ಳು ಚೀಟಿಯ ಊರಿಗೆ ಊರೇ ಬೀದಿಗಿಳಿದರೆ ಏನಾಗುತ್ತದೆಂದು ಕಣ್ಣಾರೆ ನೋಡಿದ್ದೆ. ಆದ್ದರಿಂದ ಒಂದು ಷರತ್ತು ಹಾಕಿದೆ: ‘ಮೂರರಿಂದ ಐದರವರೆಗೆ ಧರಿಸಿದವರನ್ನು ಇನ್ನೊಬ್ಬರು ಹಿಡಿದುಕೊಂಡಿರತಕ್ಕದ್ದು.’

ಈಶ್ವರಯ್ಯನವರು ಎರಡು ಸಲ ಓದಿ ಸಹಿ ಹಾಕಿದರು.

ಟೈಟಾನಿಯಂ ಊರನ್ನು ಹಿಡಿಯಲು ಎರಡು ತಿಂಗಳೂ ಬೇಕಾಗಲಿಲ್ಲ. ಈಗ ಮೂರು ಗಂಟೆಯಾದರೆ ಜನ ಜೋಡಿಯಾಗಿ ಹೊರಬೀಳುತ್ತಾರೆ. ಅತ್ತೆ ಸೊಸೆಯ ತೋಳು ಹಿಡಿದಿರುತ್ತಾಳೆ. ಮಾತು ಬಿಟ್ಟ ಅಣ್ಣತಮ್ಮಂದಿರು ಬೇರೆ ಬೇರೆ ಕಡೆ ನೋಡುತ್ತಾ ಕಿರುಬೆರಳು ಕೋದುಕೊಂಡು ನಡೆಯುತ್ತಾರೆ. ಎಷ್ಟೋ ಮಂದಿಗೆ ಹಿಡಿಯುವ ಅಗತ್ಯವೇ ಇರಲಾರದು, ಚಪ್ಪಲಿಯಲ್ಲಿ ಸೀಸ ಇದ್ದೇ ಇರುತ್ತದೆ. ಕಚೇರಿಯ ನಿಯಮ ಎಂದು ಹೇಳಿಕೊಂಡು ಹಿಡಿದಿರುತ್ತಾರೆ. ನಾನು ಕಿಟಕಿಯ ಬಳಿ ನಿಂತು ಎಣಿಸುತ್ತೇನೆ. ನಿನ್ನೆ ಐವತ್ತೆಂಟು ಜೋಡಿ.

ನಿನ್ನೆಯೇ ದಾಕ್ಷಾಯಿಣಿ ಒಂದು ಪಕ್ಕಕ್ಕೆ ಪುಟ್ಟತಾಯಮ್ಮನನ್ನೂ ಇನ್ನೊಂದು ಪಕ್ಕಕ್ಕೆ ಮೊನ್ನೆ ಸೇರಿದ ಹೊಸ ಗುಮಾಸ್ತೆಯನ್ನೂ ಹಿಡಿದುಕೊಂಡು ಅಂಗಳದಲ್ಲಿ ಹೋಗುತ್ತಿದ್ದಳು. ಕಿಟಕಿಯಲ್ಲಿ ನನ್ನನ್ನು ಕಂಡು ನಿಂತಳು.

“ಬಾರೇ, ಈ ಹುಡುಗಿ ಆಚೆ ಕೈ ಖಾಲಿ ಇದೆ.”

ನಾನು ನನ್ನ ಎಡಗೈಯನ್ನು ಎತ್ತಿ ಉಕ್ಕಿನ ಗಡಿಯಾರ ತೋರಿಸಿದೆ. “ನನಗೆ ಅಗತ್ಯವಿಲ್ಲ,” ಎಂದೆ.

“ಹೌದಲ್ವಾ,” ಎಂದಳು ಅವಳು, ಒಪ್ಪಿಕೊಂಡು. ಆ ಹೊಸ ಹುಡುಗಿ ಖಾಲಿಯಿದ್ದ ಕೈಯನ್ನೂ ಸೇರಿಸಿ ದಾಕ್ಷಾಯಿಣಿಯ ತೋಳನ್ನು ಎರಡೂ ಕೈಗಳಿಂದ ಅಪ್ಪಿಕೊಂಡಳು, ಗಡಿಯಾರದ ಮೇಲೆಯೇ. ಒಂದು ಕೈ ಸಾಕಿತ್ತು.